ಚಾಲಿ ಗೊತ್ತು, ಲೆಕ್ಕ ಗೊತ್ತು, ಆದರೂ ಬಡ್ತಿ ಯಾಕಿಲ್ಲ? ಸೊಸೈಟಿ ಮ್ಯಾನೇಜರರಿಗೆ ಒಂದು ಕೈಪಿಡಿ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ಸೊಸೈಟಿಗಳಲ್ಲಿ, ಅಂದರೆ ಬೆಳೆಗಾರರ ಸಹಕಾರಿ ಸಂಘಗಳಲ್ಲಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಮುಷ್ಟಿಯಲ್ಲಿ ನಾಲ್ಕು ಅಡಿಕೆ ಹಿಡಿದು ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳಬಲ್ಲರು. ಚಾಲಿಯೊಳಗೆ (ಒಣಗಿಸಿ ಸುಲಿದ ಬಿಳಿ ಅಡಿಕೆ) ಬಿಳೆಗೋಟು, ಅಂದರೆ ಕೆಳದರ್ಜೆಯ ಅಡಿಕೆ, ಸೇರಿಸಿ ತಂದರೆ ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ಹಿಡಿಯುತ್ತಾರೆ. ಮಾರ್ಚ್ 31ರ ರಾತ್ರಿ ತಾಳೆಪಟ್ಟಿಯನ್ನು ಒಂದು ರೂಪಾಯಿ ಆಚೀಚೆ ಆಗದಂತೆ ಕೂಡಿಸಿಯೇ ಏಳುತ್ತಾರೆ. ಹನ್ನೆರಡು ವರ್ಷದಿಂದ ಅದೇ ಸಹಾಯಕ ವ್ಯವಸ್ಥಾಪಕರ ಕುರ್ಚಿ. ಅವರಿಗಿಂತ ಕಿರಿಯರು, ಅಡಿಕೆಯ ವಿಷಯದಲ್ಲಿ ಅವರ ಅರ್ಧದಷ್ಟೂ ಗೊತ್ತಿಲ್ಲದವರು, ಶಾಖೆ ನೋಡಿಕೊಳ್ಳಲು ಹೋಗಿ ಈಗ ಮುಖ್ಯ ಕಾರ್ಯನಿರ್ವಾಹಕರ ಹುದ್ದೆಯ ಸಾಲಿನಲ್ಲಿ ನಿಂತಿರುತ್ತಾರೆ.

ವಶೀಲಿ ಎಂದು ಹೇಳಿ ಮುಗಿಸುವುದು ಸುಲಭ. ವಶೀಲಿ ಇಲ್ಲವೆಂದಲ್ಲ, ಆ ವಿಷಯ ಮುಂದೆ ಬರುತ್ತದೆ. ಆದರೆ ಹೆಚ್ಚಿನ ಕಡೆ ಕಾರಣ ಬೇರೆ. ಆಡಳಿತ ಮಂಡಳಿಯಲ್ಲಿ ಕೂತವರು ತೋಟದವರು. ತಿಂಗಳಿಗೊಮ್ಮೆ ಬಂದು ಎರಡು ಮೂರು ಗಂಟೆ ಕೂರುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಿಮ್ಮ ಅಡಿಕೆ ಜ್ಞಾನ ಅಳೆಯುವ ಗರಜು ಅವರಿಗಿಲ್ಲ, ಅದು ಅವರಿಗೇ ಹುಟ್ಟಿನಿಂದ ಬಂದದ್ದು. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಇವರ ಕೈಗೆ ಬಿಟ್ಟರೆ ನಮಗೆ ತಲೆಬಿಸಿ ಇಲ್ಲವಲ್ಲ? ಮುಂದೆ ಹೇಳುವ ಕೆಲಸಗಳೆಲ್ಲ ಆ ಪ್ರಶ್ನೆಗೆ ಉತ್ತರ ಕೊಡುವಂಥವು. ಗೋಕರ್ಣದ ರೆಸಾರ್ಟಿನಲ್ಲೋ ಅಂಕೋಲೆಯ ಐಸ್ ಪ್ಲಾಂಟಿನಲ್ಲೋ ಇರುವವರು ಮಂಡಳಿ ಎಂದಿರುವಲ್ಲಿ ಮಾಲಕರು ಎಂದು ಓದಿಕೊಂಡರೆ ಸಾಕು.

ಮಂಡಳಿಗೆ ಒಂದೇ ಪುಟ

ಮೇಲಿನವರು ನಿಮ್ಮನ್ನು ಅಳೆಯುವುದು ಬಹುಪಾಲು ನೀವು ಒಂದು ವಿಷಯವನ್ನು ಅವರ ಮುಂದೆ ಹೇಗೆ ಇಡುತ್ತೀರಿ ಎನ್ನುವುದರ ಮೇಲೆ. ಗೋದಾಮಿನ ಮಾಡು (ಛಾವಣಿ) ಸೋರುತ್ತದೆ ಎಂದುಕೊಳ್ಳಿ. ಸಾಮಾನ್ಯವಾಗಿ ನಡೆಯುವುದು ಏನು? ಸಭೆಯ ಕೊನೆಯಲ್ಲಿ, "ಇತರೆ ವಿಷಯ" ಬಂದಾಗ, ಮ್ಯಾನೇಜರರು ಎದ್ದು "ಮಾಡು ಹಾಳಾಗಿದೆ, ಏನಾದರೂ ಮಾಡಬೇಕು" ಎನ್ನುತ್ತಾರೆ. ಒಬ್ಬರು ಎಷ್ಟಾಗುತ್ತದೆ ಎಂದು ಕೇಳುತ್ತಾರೆ, ಇವರು ಕೊಟೇಶನ್ ತರಿಸಬೇಕು ಎನ್ನುತ್ತಾರೆ, ಮುಂದಿನ ಸಭೆಗೆ ಹೋಗುತ್ತದೆ. ಮುಂದಿನ ಸಭೆಯ ಹೊತ್ತಿಗೆ ಮಳೆ ಹಿಡಿದಿರುತ್ತದೆ.

ಇದನ್ನೇ ಒಂದು ಪುಟದ ಟಿಪ್ಪಣಿ ಮಾಡಿದರೆ ಹೀಗಿರುತ್ತದೆ. ಅಂಕಿಗಳು ಮಾದರಿಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ.

*ಬೇಕಾದ ನಿರ್ಣಯ:* ಹಿಂದಿನ ಗೋದಾಮಿನ ಒಡೆದ 40 ಶೀಟು ಬದಲಿಸಲು 1.40 ಲಕ್ಷ ರೂಪಾಯಿ ಮಂಜೂರಿ.

*ಈ ತಿಂಗಳೇ ಏಕೆ:* ಜೂನ್ ಮೊದಲ ವಾರ ಮಳೆ ಶುರು. ಕೆಲಸಕ್ಕೆ 6 ದಿನ, ಶೀಟು ಬರಲು 15 ದಿನ. ಏಪ್ರಿಲ್ ಸಭೆಯಲ್ಲಿ ನಿರ್ಣಯವಾದರೆ ಮೇ 20ರೊಳಗೆ ಮುಗಿಯುತ್ತದೆ.

*ದಾರಿಗಳು:* (ಅ) 40 ಶೀಟು ಬದಲಿಸುವುದು, 1.40 ಲಕ್ಷ. (ಆ) ಇಡೀ ಮಾಡು ಬದಲಿಸುವುದು, 5.20 ಲಕ್ಷ, 20 ದಿನ, ದಾಸ್ತಾನು ಬೇರೆಡೆ ಸಾಗಿಸಬೇಕು. (ಇ) ಈ ಮಳೆಗಾಲಕ್ಕೆ ತಾಡಪತ್ರಿ, 25 ಸಾವಿರ, ಪ್ರತಿ ವಾರ ಚೀಲ ಪರೀಕ್ಷೆ ಬೇಕು, ಗಾಳಿಗೆ ಹಾರಿದರೆ ಎಲ್ಲ ವ್ಯರ್ಥ.

*ಮಾಡದಿದ್ದರೆ:* ಒಳಗೆ 300 ಕ್ವಿಂಟಾಲ್ ಚಾಲಿ ಇರುತ್ತದೆ. ಅದರಲ್ಲಿ ನೂರಕ್ಕೆ 5 ಪಾಲು, ಅಂದರೆ 15 ಕ್ವಿಂಟಾಲ್, ಬೂಸ್ಟು ಹಿಡಿದು ಕೆಳದರ್ಜೆಗೆ ಇಳಿದು ಕ್ವಿಂಟಾಲಿಗೆ 10 ಸಾವಿರ ಕಡಿಮೆಗೆ ಹೋದರೂ ನಷ್ಟ 1.50 ಲಕ್ಷ.

*ನಮ್ಮ ಅಭಿಪ್ರಾಯ:* ಈಗ (ಅ). ಬರುವ ವರ್ಷದ ಆಯವ್ಯಯದಲ್ಲಿ (ಆ).

ಇಷ್ಟೇ. ನಷ್ಟದ ಸಾಲು ಖರ್ಚಿಗಿಂತ ಸ್ವಲ್ಪವೇ ಹೆಚ್ಚಿದೆ ನೋಡಿ. ಅದನ್ನು ಉಬ್ಬಿಸಿ "ಇಡೀ 300 ಕ್ವಿಂಟಾಲ್ ಹಾಳು" ಎಂದು ಬರೆಯುವ ಚಪಲ ಬರುತ್ತದೆ. ಬರೆಯಬೇಡಿ. ಮಂಡಳಿಯಲ್ಲಿ ಕೂತವರ ಮನೆಯ ಅಟ್ಟವೂ ಒಮ್ಮೆ ಸೋರಿದ್ದಿದೆ, ಎಷ್ಟು ಹಾಳಾಗುತ್ತದೆ ಎಂದು ಅವರಿಗೆ ಗೊತ್ತು. ಒಮ್ಮೆ ಉಬ್ಬಿಸಿದ ಅಂಕಿ ಕೊಟ್ಟರೆ ಮುಂದಿನ ಮೂರು ವರ್ಷ ನಿಮ್ಮ ಎಲ್ಲ ಅಂಕಿಯನ್ನೂ ಕಾಲುಭಾಗ ಕಡಿದೇ ಓದುತ್ತಾರೆ.

ಟಿಪ್ಪಣಿ ಸಭೆಯ ನೋಟಿಸಿನ ಜೊತೆಯಲ್ಲೇ, ಕನಿಷ್ಠ ಏಳು ದಿನ ಮೊದಲು ಹೋಗಬೇಕು. ಮೇಜಿನ ಮೇಲೆ ಹಂಚಿದ ಕಾಗದವನ್ನು ಯಾರೂ ಓದುವುದಿಲ್ಲ, ಮುಂದೂಡುತ್ತಾರೆ. ನೋಟಿಸು ಹೋದ ಮೇಲೆ ಯಾರು ತಕರಾರು ಎತ್ತಬಹುದೆಂದು ನಿಮಗೆ ಅನ್ನಿಸುತ್ತದೋ ಆ ಇಬ್ಬರಿಗೆ ಫೋನು ಮಾಡಿ. ಒಪ್ಪಿಸಲು ಹೋಗಬೇಡಿ, "ಇದರಲ್ಲಿ ಏನು ಬಿಟ್ಟುಹೋಗಿದೆ?" ಎಂದು ಕೇಳಿ. ಅವರು ಹೇಳಿದ್ದನ್ನು ಟಿಪ್ಪಣಿಗೆ ಸೇರಿಸಿ. ಇಲ್ಲಿ ಆಗುವ ದೊಡ್ಡ ಎಡವಟ್ಟೆಂದರೆ ಅಧ್ಯಕ್ಷರೊಬ್ಬರ ಜೊತೆ ಎಲ್ಲ ಮಾತಾಡಿ ಮುಗಿಸುವುದು. ಸಭೆಯಲ್ಲಿ ಉಳಿದವರಿಗೆ "ಎಲ್ಲ ಮೊದಲೇ ತೀರ್ಮಾನ ಆದಂತಿದೆ" ಅನ್ನಿಸಿದರೆ, ಒಳ್ಳೆಯ ಪ್ರಸ್ತಾಪವೂ ಬೀಳುತ್ತದೆ. ಜೊತೆಗೆ ನೀವು ಅಧ್ಯಕ್ಷರ ಮನುಷ್ಯ ಎಂಬ ಚೀಟಿ ಬೆನ್ನಿಗೆ ಅಂಟುತ್ತದೆ.

ಕೆಟ್ಟ ಸುದ್ದಿ ಯಾರ ಬಾಯಿಂದ ಮೊದಲು

ಶಿರಸಿಯಂಥ ಊರಲ್ಲಿ ಬೆಳಿಗ್ಗೆ ಹತ್ತಕ್ಕೆ ಗೋದಾಮಿನಲ್ಲಿ ಆದದ್ದು ಊಟದ ಹೊತ್ತಿಗೆ ಪೇಟೆಯ ಚಹಾದಂಗಡಿಯಲ್ಲಿ ಇರುತ್ತದೆ. ಅಧ್ಯಕ್ಷರು ಅಲ್ಲಿ ಕೇಳುವ ಮೊದಲು ನಿಮ್ಮಿಂದ ಕೇಳಿರಬೇಕು. ನಮ್ಮ ಲೆಕ್ಕದಲ್ಲಿ ಮ್ಯಾನೇಜರರ ಹೆಸರು ಕೆಡುವುದು ತಪ್ಪು ನಡೆದದ್ದರಿಂದ ಕಡಿಮೆ, ತಡವಾಗಿ ಹೇಳಿದ್ದರಿಂದ ಹೆಚ್ಚು.

ತಡವಾಗುವುದು ಹೆಚ್ಚಾಗಿ ಒಳ್ಳೆಯ ಉದ್ದೇಶದಿಂದಲೇ. ಪೂರ್ತಿ ತಿಳಿದುಕೊಂಡು ಹೇಳೋಣ ಎಂದು ಕಾಯುತ್ತೇವೆ. ದಾಸ್ತಾನಿನಲ್ಲಿ ಎರಡು ಕ್ವಿಂಟಾಲ್ ಕಡಿಮೆ ಬಂತು ಅನ್ನಿ. ಅದು ಕಳವೇ, ತೂಕದ ಯಂತ್ರದ ದೋಷವೇ, ಒಣಗಿ ಇಳಿದದ್ದೇ? ಅಡಿಕೆ ಬೇಸಿಗೆಯಲ್ಲಿ ತೂಕ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಏರುತ್ತದೆ. ಕಾರಣ ಗೊತ್ತಾಗಲು ನಾಲ್ಕು ದಿನ ಬೇಕು. ಆದರೆ ಫೋನಿಗೆ ನಾಲ್ಕು ದಿನ ಬೇಡ. ಮೂರು ವಾಕ್ಯ ಸಾಕು:

"ಇವತ್ತಿನ ತೂಕದಲ್ಲಿ ಎರಡು ಕ್ವಿಂಟಾಲ್ ಕಡಿಮೆ ಕಾಣುತ್ತಿದೆ. ಗೋದಾಮಿಗೆ ಬೀಗ ಹಾಕಿ ಎರಡೂ ಕೀಲಿ ತರಿಸಿಕೊಂಡಿದ್ದೇನೆ, ಕಾಟಾ ಪರೀಕ್ಷೆಗೆ ಹೇಳಿದ್ದೇನೆ. ನಾಳೆ ಸಂಜೆ ಐದಕ್ಕೆ ಮತ್ತೆ ಫೋನು ಮಾಡುತ್ತೇನೆ."

ಆದದ್ದು, ಮಾಡಿದ್ದು, ಮುಂದೆ ಯಾವಾಗ. ಕಾರಣದ ಬಗ್ಗೆ ಊಹೆ ಬೇಡ, ಯಾರ ಹೆಸರೂ ಬೇಡ. ಅಂದು ಬಾಯಿಗೆ ಬಂದ ಹಮಾಲರೊಬ್ಬರ ಹೆಸರು, ಆಮೇಲೆ ಕಾಟಾದ ದೋಷ ಎಂದು ಗೊತ್ತಾದರೂ, ವಾಪಸು ಬರುವುದಿಲ್ಲ. ಇನ್ನು ನಾಳೆ ಐದಕ್ಕೆ ಹೇಳಲು ಏನೂ ಇಲ್ಲದಿದ್ದರೂ ಫೋನು ಮಾಡಬೇಕು: "ಇನ್ನೂ ಗೊತ್ತಾಗಿಲ್ಲ, ನಾಡಿದ್ದು ಮಧ್ಯಾಹ್ನ ತಿಳಿಸುತ್ತೇನೆ." ಈ ಎರಡನೇ ಫೋನನ್ನೇ ಹೆಚ್ಚಿನವರು ಬಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಮಳೆಗಾಲವೇ ಈ ವಿದ್ಯೆಯ ಪರೀಕ್ಷೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಮೂರು ವಾರ ತುಂಬಿತ್ತಷ್ಟೇ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಅಂಥ ದಿನ ಮಾಲಿಗಾಗಿ ಕಾಯುತ್ತಿರುವವರಿಗೆ "ಯಾವ ದಾರಿ, ಎಷ್ಟು ತಡ" ಎಂದು ಒಂಬತ್ತು ಗಂಟೆಯೊಳಗೆ ಹೇಳಬಲ್ಲವರು ಬೇಕು. ಅದಕ್ಕೆ ಮೇ ತಿಂಗಳಲ್ಲೇ ಒಂದು ಹಾಳೆ ಸಿದ್ಧವಿರಲಿ: ಶಿರಸಿಯಿಂದ ಕರಾವಳಿಗೆ ದೇವಿಮನೆ ಘಟ್ಟ ಮುಚ್ಚಿದರೆ ಯಲ್ಲಾಪುರ–ಅಂಕೋಲಾ ದಾರಿ, ಅದೂ ಮುಚ್ಚಿದರೆ ಸಿದ್ದಾಪುರ, ಮಾವಿನಗುಂಡಿ ಮೇಲಿಂದ ಹೊನ್ನಾವರಕ್ಕೆ. ಪ್ರತಿ ದಾರಿಗೂ ಲಾರಿಗೆ ಎಷ್ಟು ತಾಸು ಹೆಚ್ಚು, ಬಾಡಿಗೆ ಎಷ್ಟು ಹೆಚ್ಚು, ಆ ಕಡೆ ರಸ್ತೆ ಹೇಗಿದೆ ಎಂದು ಕೇಳಲು ಯಾರ ನಂಬರು. ಹಾಳೆ ನಿಮ್ಮ ಫೋನಿನಲ್ಲಿ ಇದ್ದರಷ್ಟೇ ಸಾಲದು, ಕರೆಂಟು ಮತ್ತು ನೆಟ್‌ವರ್ಕ್ ಒಟ್ಟಿಗೇ ಹೋಗುತ್ತವೆ. ಗೋಡೆಗೆ ಅಂಟಿಸಿ.

ಕುರ್ಚಿ ಬಿಟ್ಟು ಏಳುವುದು

ಟೆಂಡರ್ ಮುಗಿದ ಮಧ್ಯಾಹ್ನ. ಹುಲೇಕಲ್ ಕಡೆಯ ಬೆಳೆಗಾರರೊಬ್ಬರು ಚೀಟಿ ಹಿಡಿದು ಬರುತ್ತಾರೆ. ಅವರ ಚಾಲಿಗೆ ವ್ಯಾಪಾರಿಗಳು ಬರೆದ ದರ ಕಳೆದ ವಾರ ಪಕ್ಕದ ಮನೆಯವರಿಗೆ ಸಿಕ್ಕಿದ್ದಕ್ಕಿಂತ ಎರಡು ಸಾವಿರ ಕಡಿಮೆ. ಧ್ವನಿ ಏರಿದೆ, ಹಿಂದೆ ನಾಲ್ಕು ಜನ ನಿಂತು ಕೇಳುತ್ತಿದ್ದಾರೆ. ಮ್ಯಾನೇಜರರು ಕೂತಲ್ಲಿಂದಲೇ, "ನಿಮ್ಮದರಲ್ಲಿ ಗೋಟು ಜಾಸ್ತಿ, ಅದಕ್ಕೆ" ಎನ್ನುತ್ತಾರೆ. ಮಾತು ನೂರಕ್ಕೆ ನೂರು ಸರಿ. ಆದರೂ ಅವರು ಸೋತರು. ನಾಲ್ಕು ಜನರ ಮುಂದೆ ಒಬ್ಬ ಬೆಳೆಗಾರನ ಅಡಿಕೆಯನ್ನು, ಅಂದರೆ ಅವನ ತೋಟವನ್ನು, ಹೀಗಳೆದ ಹಾಗಾಯಿತು. ಆ ನಾಲ್ವರಲ್ಲಿ ಒಬ್ಬರು ಮಂಡಳಿಯ ಸದಸ್ಯರ ಭಾವನೆಂಟ ಆಗಿರುವುದು ಈ ಊರಲ್ಲಿ ವಿಶೇಷವೇನಲ್ಲ.

ಬೇರೆ ರೀತಿ: "ಬನ್ನಿ ಹೆಗಡೇರೆ, ಮಾಲು ನೋಡಿಕೊಂಡೇ ಮಾತಾಡುವ" ಎಂದು ಎದ್ದು ಹೊರಡುವುದು. ಗುಡ್ಡೆಯ ಮೇಲಿಂದ, ನಡುವಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ. ಎಣಿಸಿ ಇಪ್ಪತ್ತು ಅಡಿಕೆ ಇಡಿ. ಅಡಕತ್ತರಿ ಅವರ ಕೈಗೇ ಕೊಡಿ, ಅವರೇ ಕತ್ತರಿಸಲಿ. ಒಳಗೆ ಬಿಳಿ ಇದ್ದದ್ದು ಒಂದು ಕಡೆ, ಕಪ್ಪು ತಿರುಗಿದ್ದು, ಪೊಳ್ಳಾದದ್ದು ಇನ್ನೊಂದು ಕಡೆ. ಇಪ್ಪತ್ತರಲ್ಲಿ ಐದು ಆ ಕಡೆ ಬಿದ್ದರೆ ನೀವು ಬಾಯಿ ಬಿಡುವ ಅಗತ್ಯವೇ ಇಲ್ಲ. ಬಿದ್ದದ್ದು ಒಂದೇ ಆದರೆ, ವ್ಯಾಪಾರಿಗಳು ತಪ್ಪು ಅಂದಾಜು ಮಾಡಿದ್ದಾರೆ ಎಂದು ನಿಮಗೂ ಗೊತ್ತಾಗುತ್ತದೆ. ಎರಡರಲ್ಲೂ ಕೊನೆಯ ಮಾತು ಒಂದೇ: "ದರ ಒಪ್ಪಿಗೆ ಇಲ್ಲದಿದ್ದರೆ ಇವತ್ತು ಕೊಡುವುದು ಬೇಡ, ಮುಂದಿನ ಟೆಂಡರಿಗೆ ಇಡುವ. ಆರಿಸಿ ಇಟ್ಟರೆ ಇನ್ನೂ ಒಳ್ಳೆಯದು." ಹತ್ತು ನಿಮಿಷದ ಕೆಲಸ. ದಿನಕ್ಕೆ ಹತ್ತು ತಕರಾರು ಬಂದರೆ ಎಲ್ಲದಕ್ಕೂ ಏಳಲು ಆಗುವುದಿಲ್ಲ, ನಿಜ. ಧ್ವನಿ ಏರಿದ್ದಕ್ಕೆ ಏಳಿ, ಉಳಿದದ್ದಕ್ಕೆ ಅಡಿಕೆ ಬಲ್ಲ ಸಿಬ್ಬಂದಿಯನ್ನು ಕಳಿಸಿ.

ನೀವಿಲ್ಲದಿದ್ದರೂ ನಡೆಯಬೇಕು

ಟೆಂಡರ್ ದಿನ ನೀವಿಲ್ಲದೆ ಕೆಲಸ ಸಾಗದು ಎಂಬುದು ಹೆಮ್ಮೆಯ ಮಾತಲ್ಲ. ನಿಮ್ಮನ್ನು ಮೇಲೆ ಕೂರಿಸಿದರೆ ಈ ಜಾಗ ಬರಿದಾಗುತ್ತದೆ ಎಂದಾದರೆ ಮಂಡಳಿ ನಿಮ್ಮನ್ನು ಇಲ್ಲೇ ಇಟ್ಟುಕೊಳ್ಳುತ್ತದೆ. ಹನ್ನೆರಡು ವರ್ಷ ಅದೇ ಕುರ್ಚಿಯಲ್ಲಿ ಉಳಿದವರಲ್ಲಿ ಹೆಚ್ಚಿನವರಿಗೆ ಆಗಿರುವುದು ಇದೇ.

ಕೆಲಸ ದಾಟಿಸಲು ಮೂರು ಸುತ್ತು ಬೇಕು. ಮೊದಲ ಸಲ ನೀವು ಮಾಡಿ, ಅವರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಎರಡನೇ ಸಲ ಅವರು ಮಾಡಲಿ, ನೀವು ಪಕ್ಕದಲ್ಲಿ ಕೈಕಟ್ಟಿ ಕೂರಿ. ಕೈಕಟ್ಟುವುದೇ ಕಷ್ಟ, ಅವರು ನಿಧಾನ ಮಾಡಿದ ಕೂಡಲೇ ಕೀಬೋರ್ಡು ಎಳೆದುಕೊಳ್ಳುತ್ತೇವೆ. ಮೂರನೇ ಸಲ ನೀವು ಬೇರೆ ಕೋಣೆಯಲ್ಲಿರಿ, ಮುಗಿದ ಮೇಲೆ ಫಲಿತಾಂಶ ಮಾತ್ರ ನೋಡಿ. ಈ ಮೂರೂ ಸುಗ್ಗಿಯ ಮೊದಲು, ಅಕ್ಟೋಬರ್ ಹೊತ್ತಿಗೆ ಮುಗಿದಿರಬೇಕು. ಜನವರಿಯ ಗಡಿಬಿಡಿಯಲ್ಲಿ ಕಲಿಸಲು ಹೊರಟರೆ ಕಲಿಯುವವರೂ ಹೆದರುತ್ತಾರೆ, ಮಾಲು ತಂದವರೂ ಬೈಯುತ್ತಾರೆ. ಪಾಸ್‌ವರ್ಡ್ ಮಾತ್ರ ಚೀಟಿಯಲ್ಲಿ ಬರೆದು ಕೊಡಬೇಡಿ, ಅವರ ಹೆಸರಲ್ಲೇ ಬೇರೆ ಲಾಗಿನ್ ಮಾಡಿಸಿ. ನಿಮ್ಮ ಲಾಗಿನ್‌ನಲ್ಲಿ ಅವರು ಮಾಡಿದ ತಪ್ಪು ಆಡಿಟ್‌ನಲ್ಲಿ ನಿಮ್ಮ ತಪ್ಪೇ.

ಕಲಿಸಿದ್ದು ನಿಂತಿತೇ ಎಂದು ನೋಡಲು ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ವಾರಕ್ಕೂ ಹೆಚ್ಚು ನಡೆಯುತ್ತದೆ, ಸಿಬ್ಬಂದಿಗೂ ಹಮಾಲರಿಗೂ ಅಡಿಕೆ ಆರಿಸುವ ಹೆಂಗಸರಿಗೂ ರಜೆ ಬೇಕು, ಎಲ್ಲರ ಮನೆಗೂ ನೆಂಟರು. ರಜೆ ಪಟ್ಟಿಯನ್ನು ಎರಡು ತಿಂಗಳು ಮೊದಲೇ ಗೋಡೆಗೆ ಹಾಕಿ, ಯಾರು ಯಾವ ದಿನ ಎಂದು ಅವರೇ ಬರೆದುಕೊಳ್ಳಲಿ, ನಿಮ್ಮ ಹೆಸರನ್ನು ಕೊನೆಗೆ ಬರೆಯಿರಿ. ಆಮೇಲೆ ನಿಜವಾಗಿಯೂ ಎರಡು ದಿನ ರಜೆ ಹಾಕಿ. ಫೋನು ಎಷ್ಟು ಸಲ ಬಂತು, ಯಾವುದಕ್ಕೆ ಬಂತು ಎಂದು ಬರೆದಿಟ್ಟುಕೊಳ್ಳಿ. ಇನ್ನೂ ದಾಟಿಸದ ಕೆಲಸದ ಪಟ್ಟಿ ಅದೇ.

ಭಾಷೆ, ಕಾಗದ

ಘಟ್ಟದ ಮೇಲಿಂದ ಕಾರವಾರ ಶಾಖೆಗೆ ವರ್ಗವಾದರೆ ಕೌಂಟರಿನಲ್ಲಿ ಕೊಂಕಣಿ ಬೇಕು. ಭಟ್ಕಳದಲ್ಲಿ ನವಾಯತಿ ಮತ್ತು ಉರ್ದು, ಹಳಿಯಾಳದಲ್ಲಿ ಮರಾಠಿ. ಪೂರ್ತಿ ಕಲಿಯಬೇಕಿಲ್ಲ. ಕೂರಿ, ಎಷ್ಟು ಬೇಕು, ನಾಳೆ ಬನ್ನಿ, ಸಹಿ ಇಲ್ಲಿ, ತಪ್ಪು ನಮ್ಮದು: ಇಂಥ ಮೂವತ್ತು ವಾಕ್ಯ ಒಂದು ತಿಂಗಳ ಕೆಲಸ. ತಪ್ಪು ಮಾತಾಡಿದರೆ ನಗುತ್ತಾರೆ, ನಗಲಿ, ಮಾತು ಮುಂದುವರಿಯುತ್ತದೆ. ಕಾಗದದ ವಿಷಯಕ್ಕೆ ಒಂದೇ ಮಾತು: ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಹೋಗುವ ಪತ್ರದ ಮೊದಲ ವಾಕ್ಯದಲ್ಲೇ ಏನು ಬೇಕೆಂದು ಇರಲಿ, "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಅರ್ಧ ಪುಟ ಸುತ್ತಬೇಡಿ.

ವಶೀಲಿ

ಜಾತಿ, ನೆಂಟಸ್ತಿಕೆ, ಪಕ್ಷ ಇವು ಮಂಡಳಿಯ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬರುವುದಿಲ್ಲ. ಅದನ್ನು ಬಳಸಿ ಮೇಲೆ ಹೋದವರೂ ಇದ್ದಾರೆ. ನಮ್ಮ ತಕರಾರು ನೀತಿಯದ್ದಷ್ಟೇ ಅಲ್ಲ, ಲೆಕ್ಕದ್ದೂ ಹೌದು: ಮಂಡಳಿಯ ಅವಧಿ ಐದು ವರ್ಷ, ನಿಮ್ಮ ನೌಕರಿ ಮೂವತ್ತು. ಒಂದು ಬಣದ ಬೆನ್ನು ಹತ್ತಿ ಏರಿದವರು ಆ ಬಣ ಸೋತ ಮರುದಿನ ಗೋದಾಮಿನ ಮೂಲೆಯ ಮೇಜಿಗೆ ಬರುತ್ತಾರೆ.

ಚುನಾವಣೆಯ ವರ್ಷ ಕೆಲವು ಕೆಲಸ ಕಟ್ಟುನಿಟ್ಟಾಗಿ ಮಾಡಿ. ಮತದಾರರ ಪಟ್ಟಿ ಕೇಳಿದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ, ಒಂದೇ ನಿಯಮದಲ್ಲಿ, ಸ್ವೀಕೃತಿ ಸಹಿ ಪಡೆದು ಕೊಡಿ. ಯಾರ ಕಾರಿನಲ್ಲೂ ಮನೆಗೆ ಹೋಗಬೇಡಿ, ಮಳೆ ಬಂದರೂ. ಚುನಾವಣೆಯ ಆಸುಪಾಸಿನ ಮೂರು ತಿಂಗಳಲ್ಲಿ ಸಾಲ ಮಂಜೂರಿಯ ಕಡತಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಿ, ಕ್ರಮ ತಪ್ಪಿಸಬೇಕಾದರೆ ಕಾರಣ ಕಡತದಲ್ಲೇ ಬರೆಯಿರಿ. ಗೆದ್ದವರು ಇದನ್ನು ಗಮನಿಸಿರುತ್ತಾರೆ, ಸೋತವರು ಇನ್ನೂ ಹೆಚ್ಚು ಗಮನಿಸಿರುತ್ತಾರೆ, ಮತ್ತು ಅವರು ಐದು ವರ್ಷದ ನಂತರ ಬರಬಹುದು.

ಕೇಳುವುದು

ನಮ್ಮ ಕಡೆ ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆ. ಆಸೆಬುರುಕ ಅಂದುಕೊಳ್ಳುತ್ತಾರೆ ಎಂಬ ಅಳುಕು. ಕೇಳದವರಿಗೆ ಬೇಕಿಲ್ಲ ಎಂದು ಮಂಡಳಿ ತಿಳಿದುಕೊಳ್ಳುತ್ತದೆ, ಅದರಲ್ಲಿ ಅವರ ತಪ್ಪೂ ಇಲ್ಲ.

ಕೇಳುವ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಒಂದು ಸಾದಾ ನೋಟುಬುಕ್ಕಿನಲ್ಲಿ ಪ್ರತಿ ತಿಂಗಳ ಕೊನೆಯ ದಿನ ನಾಲ್ಕು ಸಾಲು ಬರೆಯಿರಿ: ಏನು ಮುಗಿಯಿತು, ಅಂಕಿ ಎಷ್ಟಿತ್ತು ಎಷ್ಟಾಯಿತು, ಏನು ಕೆಟ್ಟಿತು, ಯಾರು ಜೊತೆಗಿದ್ದರು. "ಸುಸ್ತಿ ಸಾಲ ಕಡಿಮೆ ಮಾಡಿದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಸುಸ್ತಿದಾರರು 62 ಇದ್ದರು, 41ಕ್ಕೆ ಇಳಿದರು, 9 ಮನೆಗೆ ನಾನು ಹೋಗಿದ್ದೆ, ಉಳಿದದ್ದು ವಸೂಲಿ ಗುಮಾಸ್ತರ ಕೆಲಸ" ಎಂದರೆ ಹೇಳಿದ ಹಾಗೆ. ಕೆಟ್ಟದ್ದನ್ನೂ ಬರೆಯಲು ಹೇಳುವುದು ಏಕೆಂದರೆ, ಸಂದರ್ಶನದಲ್ಲಿ ಹಳೆಯ ಸದಸ್ಯರೊಬ್ಬರು ಅದನ್ನೇ ಎತ್ತುತ್ತಾರೆ. ಆಗ ತಡವರಿಸದೆ ಆದದ್ದು, ಮಾಡಿದ್ದು ಹೇಳಲು ಬರಬೇಕು. ವರ್ಷಕ್ಕೆ 48 ಸಾಲು, ಅದರಿಂದ ಒಂದು ಪುಟ ತೆಗೆಯಲು ಅರ್ಧ ತಾಸು ಸಾಕು.

ಸಮಯವೂ ಮುಖ್ಯ. ಸುಗ್ಗಿಯಲ್ಲಿ ಬೇಡ, ಮಾರ್ಚಿನಲ್ಲಂತೂ ಬೇಡವೇ ಬೇಡ. ಆಡಿಟ್ ಮುಗಿದು, ಸೆಪ್ಟೆಂಬರಿನ ಮಹಾಸಭೆಗೆ ಇನ್ನೂ ನಾಲ್ಕು ವಾರ ಇರುವಾಗ, ಮೊದಲು ಮುಖ್ಯ ಕಾರ್ಯನಿರ್ವಾಹಕರ ಹತ್ತಿರ, ಅವರಿಗೆ ತಿಳಿಸಿದ ಮೇಲೆ ಅಧ್ಯಕ್ಷರ ಹತ್ತಿರ. ಕ್ರಮ ತಪ್ಪಿದರೆ ಮೇಲಧಿಕಾರಿಯನ್ನು ದಾಟಿ ಹೋದ ಹಾಗಾಗುತ್ತದೆ. ಹುದ್ದೆಯನ್ನೇ ಕೇಳಬೇಡಿ, ಆ ಹುದ್ದೆಯ ಒಂದು ತುಂಡು ಕೆಲಸ ಕೇಳಿ: "ಮುಂದಿನ ಮೂರು ತಿಂಗಳು ಮಂಡಳಿ ಸಭೆಯ ಟಿಪ್ಪಣಿಗಳನ್ನು ನಾನು ತಯಾರು ಮಾಡಲಾ ಸರ್? ಡಿಸೆಂಬರಿನಲ್ಲಿ ನೋಡಿ, ಸರಿ ಬರದಿದ್ದರೆ ಬಿಟ್ಟುಬಿಡುವ." ಒಪ್ಪಿದರೆ ಅಂದೇ ಡಿಸೆಂಬರಿನ ತಾರೀಕು ಗೊತ್ತುಮಾಡಿಕೊಂಡು ಇಬ್ಬರ ಡೈರಿಯಲ್ಲೂ ಬರೆಸಿ. ಇಲ್ಲವೆಂದರೆ, ಯಾವುದು ಕಡಿಮೆ ಬಿತ್ತು ಎಂದು ಅಲ್ಲೇ ಕೇಳಿ, ನೋಟುಬುಕ್ಕಿನ ಆ ತಿಂಗಳ ಐದನೇ ಸಾಲಾಗಿ ಅವರ ಮಾತಿನಲ್ಲೇ ಬರೆದುಕೊಳ್ಳಿ.